ಸಂಘ ನಡೆಸೋದು ಸೇವೆ, ಕುಣಿಯೋದು ದುಡಿಮೆ: ಹೆಣ್ಣುಮಕ್ಕಳ ಡ್ಯಾನ್ಸ್ ಸಂಘ ಕಟ್ಟೋದು ಹೇಗೆ?

ಬೆಳಗಾವಿ: ಬೆಲ್ಲಿ ಡ್ಯಾನ್ಸ್ ಅಂದ ಕೂಡಲೇ ನಮ್ಮ ಕಡೆ ಬಹಳ ಮಂದಿಗೆ ನೆನಪಾಗೋದು ಸಿನಿಮಾ. 1975ರ ‘ಶೋಲೆ’ಯಲ್ಲಿ ಹೆಲೆನ್ ಕುಣಿದ ಹಾಡು ಗೊತ್ತಿಲ್ಲದವರು ಕಡಿಮೆ. ಈಗ ಅದು ಮೊಬೈಲ್ ರೀಲ್ಸ್‌ಗೂ ಬಂದಿದೆ. ಆದ್ರೆ ಇದೇ ಕುಣಿತದ ಹೆಸರಲ್ಲಿ ಹೊರದೇಶಗಳಲ್ಲಿ ಸಂಘಗಳಿವೆ, ಅವನ್ನ ನಡೆಸೋರು ಸಂಬಳ ತಗೊಳ್ಳದ ಸ್ವಯಂಸೇವಕರು ಅನ್ನೋದು ಇಲ್ಲಿ ಅಷ್ಟಾಗಿ ಗೊತ್ತಿಲ್ಲ. ಆ ಸಂಘಗಳು ಯಾಕೆ ಹುಟ್ಟಿದವು? ಬೆಳಗಾವಿ ನಗರದಲ್ಲಾಗಲಿ, ಖಾನಾಪುರದ ಹಳ್ಳಿಯಲ್ಲಾಗಲಿ ಕುಣಿಯೋ ಹೆಣ್ಣುಮಕ್ಕಳು ಅಂಥದೊಂದು ಸಂಘ ಕಟ್ಟಬೇಕಂದ್ರೆ ಏನು ಮಾಡಬೇಕು? ಇಲ್ಲಿದೆ ವಿವರ.

ಏನಿದು ಬೆಲ್ಲಿ ಡ್ಯಾನ್ಸ್?

ಈ ಹೆಸರು ಇಟ್ಟಿದ್ದು ಕುಣಿಯೋರಲ್ಲ, ನೋಡೋಕೆ ಹೋದವರು. ಫ್ರೆಂಚರು ‘ಹೊಟ್ಟೆಯ ಕುಣಿತ’ ಅಂತ ಕರೆದರು, ಅದೇ ಇಂಗ್ಲಿಷಿಗೆ ಬಂತು. ಅರಬ್ಬಿಯಲ್ಲಿ ಇದರ ಹೆಸರು ‘ರಕ್ಸ್ ಶರ್ಕಿ’, ಅಂದ್ರೆ ಪೂರ್ವದ ನೃತ್ಯ. ಊರ ಮಂದಿ ಮನೆಯಲ್ಲಿ, ಮದುವೆಯಲ್ಲಿ ಕುಣಿಯೋದಕ್ಕೆ ‘ಬಲದಿ’ ಅಂತಾರೆ. ಅದಕ್ಕೆ ನಮ್ಮೂರಿಂದು, ನಮ್ಮ ಮಣ್ಣಿಂದು ಅನ್ನೋ ಅರ್ಥ. ಈಜಿಪ್ಟಿನ ಮದುವೆ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಹೆಂಗಸರು ತಮ್ಮತಮ್ಮಲ್ಲೇ ಕುಣಿಯೋ ಕುಣಿತ ಇದು. ಸೊಂಟ, ಎದೆ, ಭುಜ ಒಂದೊಂದನ್ನೇ ಬೇರೆ ಬೇರೆಯಾಗಿ ತಾಳಕ್ಕೆ ಆಡಿಸೋದು ಇದರ ಕಸರತ್ತು.

ವೇದಿಕೆಗೆ ಬಂದಿದ್ದು ಆಮೇಲೆ. ಬದಿಯಾ ಮಸಾಬ್ನಿ ಅನ್ನೋ ಕಲಾವಿದೆ 1926ರಲ್ಲಿ ಕೈರೋದಲ್ಲಿ ತನ್ನದೇ ರಂಗಶಾಲೆ ತೆರೆದಳು. ತಾಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಥರದ ಹೆಸರಾಂತ ನರ್ತಕಿಯರು ಅಲ್ಲಿಂದಲೇ ಮೇಲೆ ಬಂದರು. ವೇದಿಕೆ ಸಿಕ್ಕಿತು, ಸಿನಿಮಾ ಸಿಕ್ಕಿತು. ಜೊತೆಗೆ ‘ಕುಣಿಯೋಳು’ ಅನ್ನೋ ಕೊಂಕು ಮಾತೂ ಬಂತು. ಈ ಮಾತು ನಮ್ಮ ಕಡೆಗೂ ಹೊಸದಲ್ಲ.

ಸಂಘ ಹುಟ್ಟಿದ್ದು ಕೂಲಿ ಜಗಳಕ್ಕೆ

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1977ರಲ್ಲಿ ಬೆಲ್ಲಿ ಡ್ಯಾನ್ಸರ್‌ಗಳದ್ದೇ ಒಂದು ಸಂಘ ಶುರುವಾಯ್ತು. ಅದರ ಚಿಕ್ಕ ಹೆಸರು ಮೆಕ್ಡಾ. ಅದು ಹುಟ್ಟಿದ್ದು ಕಲಾಸೇವೆ ಅನ್ನೋ ದೊಡ್ಡ ಮಾತಿನಿಂದಲ್ಲ. ಕ್ಲಬ್‌ಗಳಲ್ಲಿ ಕುಣಿಯೋರಿಗೆ ಸಿಗ್ತಿದ್ದ ಕೂಲಿ ಕಡಿಮೆ. ಒಬ್ಬಳು ಜಾಸ್ತಿ ಕೇಳಿದ್ರೆ ಇನ್ನೊಬ್ಬಳನ್ನ ಕಡಿಮೆಗೆ ಕರೆಯಬಹುದು. ಎಲ್ಲರೂ ಒಟ್ಟಾಗಿ ಕೇಳಿದ್ರೆ ಮಾತ್ರ ಬೆಲೆ ಅಂತ ಸಂಘ ಮಾಡಿಕೊಂಡರು. ನಂತರ ಕಲಿಸೋದು, ಕಾರ್ಯಕ್ರಮ ಮಾಡೋದು ಎಲ್ಲ ಸೇರಿಕೊಂಡಿತು.

ಇಲ್ಲಿ ಗಮನಿಸಬೇಕಾದ್ದು ಒಂದೇ ವಿಷಯ. ಸಂಘದ ಕೆಲಸ ಅಂದ್ರೆ ಪತ್ರ ಬರೆಯೋದು, ಹಾಲ್ ಬುಕ್ ಮಾಡೋದು, ಲೆಕ್ಕ ಇಡೋದು. ಇದನ್ನ ಪುಕ್ಕಟೆ ಮಾಡ್ತಾರೆ, ಅದು ಸೇವೆ. ಆದ್ರೆ ವೇದಿಕೆ ಮೇಲೆ ಕುಣಿದವಳಿಗೆ ದುಡ್ಡು ಕೊಡಲೇಬೇಕು, ಅದು ದುಡಿಮೆ. ಈ ಎರಡನ್ನ ಕಲಸಿದಲ್ಲಿ ಸಂಘ ಹೆಚ್ಚು ದಿನ ಉಳಿಯೋದಿಲ್ಲ.

ಖಾನಾಪುರಕ್ಕೂ ಇದಕ್ಕೂ ಏನು ಸಂಬಂಧ?

ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯ ಇದೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ‘ಡಮಾಮಿ’ ಕುಣಿತ ನೋಡಿದವರಿಗೆ ಗೊತ್ತು. ಡಮಾಮಿ ವಾದ್ಯ ಶುರುವಾದ್ರೆ ಗಂಡಸರು, ಹೆಂಗಸರು ಕೂಡಿ ಕುಣಿತಾರೆ. ಬೆಲ್ಲಿ ಡ್ಯಾನ್ಸಿಗೂ ಡಮಾಮಿಗೂ ಸಂಬಂಧ ಇಲ್ಲ. ಆದ್ರೆ ಎರಡೂ ಮನೆಯಂಗಳದಿಂದ ವೇದಿಕೆಗೆ ಬಂದ ಕುಣಿತಗಳು. ಎರಡಕ್ಕೂ ಪ್ರಶ್ನೆ ಒಂದೇ: ವೇದಿಕೆಯಿಂದ ಬಂದ ದುಡ್ಡು, ಹೆಸರು ಯಾರಿಗೆ ಸೇರ್ತದೆ?

ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತ್ತು. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳಿಗೆ ಅದು ಸಿಕ್ಕಿದ್ದು 2020ರಲ್ಲಿ, ಸಂಸತ್ತಿನ ತಿದ್ದುಪಡಿ ಆದ ಮೇಲೆ. ಒಂದೇ ಜನ, ಒಂದೇ ಕುಣಿತ, ನಡುವೆ ಜಿಲ್ಲೆಯ ಗಡಿ, 17 ವರ್ಷ ತಡ. ಕಾಗದದ ಮೇಲೆ ಹೆಸರು ಇರೋದು ಎಷ್ಟು ಮುಖ್ಯ ಅನ್ನೋದಕ್ಕೆ ಇದೇ ಸಾಕ್ಷಿ.

ಇದೇ ಜಿಲ್ಲೆಯ ಸವದತ್ತಿ ಯಲ್ಲಮ್ಮನ ಗುಡ್ಡದ ಜೋಗತಿ ಕುಣಿತವನ್ನೂ ಒಂದು ಕಾಲಕ್ಕೆ ಜನ ಕೀಳಾಗಿ ಕಂಡರು. ಅದೇ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆ ಆದರು, 2021ರಲ್ಲಿ ಪದ್ಮಶ್ರೀ ಪಡೆದರು. ಕುಣಿತ ಅದೇ, ನೋಡೋ ಕಣ್ಣು ಬದಲಾಯ್ತು ಅಷ್ಟೇ.

ನೋಂದಣಿ ಯಾಕೆ ಬೇಕು?

ನಮ್ಮಲ್ಲಿ ತಂಡಗಳು ಹೆಚ್ಚಾಗಿ ಒಬ್ಬರ ಹೆಸರಿನ ಮೇಲೆ ನಡೀತವೆ. ದುಡ್ಡು ಅವರ ಫೋನ್‌ಪೇಗೆ, ಡ್ರೆಸ್ ಅವರ ಮನೆಯ ಟ್ರಂಕಿನಲ್ಲಿ, ಡೋಲು ಅವರ ಅಟ್ಟದ ಮೇಲೆ. ಅವರು ಮದುವೆಯಾಗಿ ಬೇರೆ ಊರಿಗೆ ಹೋದ್ರೆ, ಇಲ್ಲಾ ಜಗಳ ಆದ್ರೆ ತಂಡವೇ ಮುಗೀತು. ಹತ್ತು ವರ್ಷ ಕುಣಿದವರಿಗೆ ಒಂದು ಕಾಗದವೂ ಉಳಿಯೋದಿಲ್ಲ.

ಇದಕ್ಕೆ ದಾರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960. ಲಲಿತಕಲೆಗಾಗಿ ಕಟ್ಟೋ ಸಂಘಕ್ಕೂ ಇದು ಅನ್ವಯ ಆಗ್ತದೆ. ಮುಖ್ಯ ಅಂಶಗಳು ಹೀಗಿವೆ:

* ಕನಿಷ್ಠ 7 ಜನ ಬೇಕು. ಎಲ್ಲರೂ ಸೇರಿ ಸಂಘದ ಉದ್ದೇಶಪತ್ರ ಮತ್ತು ನಿಯಮಾವಳಿ, ಅಂದ್ರೆ ಬೈಲಾ, ಬರೆದು ಸಹಿ ಮಾಡಬೇಕು.
* ಅರ್ಜಿ ಹೋಗೋದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಈ ಜವಾಬ್ದಾರಿ ಇರೋದು ಸಹಕಾರ ಸಂಘಗಳ ಉಪನಿಬಂಧಕರ ಬಳಿ.
* ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕಡ್ಡಾಯ. ಅದಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನ ಕಚೇರಿಗೆ ಕೊಡಬೇಕು.
* ಸಂಘದ ಲಾಭವನ್ನ ಸದಸ್ಯರು ಹಂಚಿಕೊಳ್ಳುವಂತಿಲ್ಲ. ಕಾರ್ಯಕ್ರಮದಲ್ಲಿ ಕುಣಿದಿದ್ದಕ್ಕೆ ಕೊಡೋ ಸಂಭಾವನೆ ಬೇರೆ ವಿಷಯ. ಅದನ್ನ ಬೈಲಾದಲ್ಲೇ ಸ್ಪಷ್ಟವಾಗಿ ಬರೆದಿಡೋದು ಒಳ್ಳೇದು.
* ಲೆಕ್ಕದಲ್ಲಿ ಮೋಸ ಆಗಿದೆ ಅನ್ನಿಸಿದ್ರೆ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸೇರಿ ವಿಚಾರಣೆಗೆ ಅರ್ಜಿ ಕೊಡಬಹುದು.

ನೋಂದಣಿ ಆದ ಮೇಲೆ ಪ್ಯಾನ್ ಕಾರ್ಡ್, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ. ದುಡ್ಡು ತೆಗೆಯೋಕೆ ಇಬ್ಬರ ಸಹಿ ಇರಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೂ ಸಂಘ ಸಂಸ್ಥೆಗಳು ನೋಂದಣಿ ತೋರಿಸಬೇಕಾಗ್ತದೆ. ಪ್ರತಿವರ್ಷದ ಲೆಕ್ಕ ಕೊಡದೆ ಬಿಟ್ಟರೆ ನೋಂದಣಿ ಇದ್ದೂ ಇಲ್ಲದಂಗೆ. ಎಷ್ಟೋ ಸಂಘಗಳು ಎಡವೋದು ಇಲ್ಲೇ.

ಲೆಕ್ಕ ಹೆಂಗಿರಬೇಕು?

ಒಂದು ಉದಾಹರಣೆ ನೋಡೋಣ. 12 ಜನರ ತಂಡಕ್ಕೆ ಒಂದು ಕಾರ್ಯಕ್ರಮದಿಂದ 15,000 ರೂಪಾಯಿ ಬಂತು ಅಂತಿಟ್ಟುಕೊಳ್ಳಿ. ಟೆಂಪೋ ಬಾಡಿಗೆ 3,000, ಊಟ ಚಹಾ 1,200, ಸಂಘದ ನಿಧಿಗೆ ನೂರಕ್ಕೆ ಹತ್ತರಂತೆ 1,500. ಉಳಿದದ್ದು 9,300. ತಲೆಗೆ 775 ರೂಪಾಯಿ. ಈ ಐದು ಸಾಲನ್ನ ಅದೇ ರಾತ್ರಿ ಎಲ್ಲರಿರೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೊಮ್ಮೆ ಕೂತು ಪುಸ್ತಕ ಬರೆಯೋ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಉಳಿತಾಯ, ಸಾಲ, ಬಡ್ಡಿ ಎಲ್ಲ ಬರೆಯೋ ಕೈಗೆ ಡ್ಯಾನ್ಸಿನ ಲೆಕ್ಕ ಭಾರ ಆಗೋದಿಲ್ಲ. ಖಾನಾಪುರದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಕನ್ನಡ, ಮರಾಠಿ, ಕೊಂಕಣಿ ಮೂರೂ ಓಡಾಡೋ ತಾಲೂಕು ಇದು. ಬೈಲಾ ಬರೆದು ಕಪಾಟಿನಲ್ಲಿಟ್ಟರೆ ಸಾಲದು. ಸಭೆಯಲ್ಲಿ ಎಲ್ಲರಿಗೂ ತಿಳಿಯೋ ಮಾತಲ್ಲಿ ಓದಿ ಹೇಳಬೇಕು, ಆಮೇಲೆ ಸಹಿ.

ಸುರಕ್ಷತೆ ಯಾರ ಹೊಣೆ?

ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಲ್ಲಾಗಲಿ, ಕಿತ್ತೂರು ಉತ್ಸವದ ವೇದಿಕೆಯಲ್ಲಾಗಲಿ ರಾತ್ರಿ ಕಾರ್ಯಕ್ರಮ ಅಂದ್ರೆ ಮುಗಿಯೋದು ತಡ. ಚಪ್ಪಾಳೆ ತಟ್ಟಿದವರು ಮನೆಗೆ ಹೋಗ್ತಾರೆ. ಕಣಕುಂಬಿ, ಜಾಂಬೋಟಿ ಕಡೆಯ ಹುಡುಗಿ ಆ ಹೊತ್ತಿನಲ್ಲಿ ಮನೆ ಮುಟ್ಟೋದು ಹೆಂಗೆ? ವಾಪಸ್ ಹೋಗೋ ಗಾಡಿ, ಡ್ರೆಸ್ ಬದಲಾಯಿಸೋ ಕೋಣೆ, ಮುಂಗಡ ಹಣ, ಈ ಮೂರನ್ನ ಕಾರ್ಯಕ್ರಮ ಒಪ್ಪಿಕೊಳ್ಳೋ ಮೊದಲೇ ಬರಹದಲ್ಲಿ ಕೇಳಬೇಕು. ಒಬ್ಬಳು ಕೇಳಿದ್ರೆ ‘ಭಾಳ ಮಾತಾಡ್ತಾಳ’ ಅಂತಾರೆ. ಲೆಟರ್‌ಹೆಡ್ ಮೇಲೆ ಸಂಘ ಕೇಳಿದ್ರೆ ಅದು ಷರತ್ತು.

ಕಿರುಕುಳದ ವಿಷಯದಲ್ಲೂ ಕಾನೂನು ಇದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ಸಂಬಳಕ್ಕೆ ದುಡಿಯೋರಿಗೆ ಮಾತ್ರ ಅಲ್ಲ, ಸ್ವಯಂಸೇವಕರಾಗಿ ಕೆಲಸ ಮಾಡೋರಿಗೂ ಅನ್ವಯಿಸ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. 18 ವರ್ಷದೊಳಗಿನ ಮಕ್ಕಳಿದ್ದರೆ ಪೋಕ್ಸೋ ಕಾಯ್ದೆ ಅನ್ವಯ ಆಗ್ತದೆ. ಹುಡುಗಿಯರು ತಂಡದಲ್ಲಿದ್ರೆ ಪಾಲಕರ ಒಪ್ಪಿಗೆ ಪತ್ರ, ಜೊತೆಗೊಬ್ಬ ದೊಡ್ಡ ಹೆಂಗಸು ಇರಲೇಬೇಕು.

ವಿಡಿಯೋ ಬಗ್ಗೆಯೂ ಒಂದು ನಿಯಮ ಮಾಡಿಕೊಳ್ಳಿ. ಯಾರ ವಿಡಿಯೋ ಹಾಕೋದು, ಯಾರದ್ದು ಬೇಡ ಅನ್ನೋದು ಕುಣಿದವಳ ತೀರ್ಮಾನ, ಕ್ಯಾಮೆರಾ ಹಿಡಿದವನದಲ್ಲ.

ಶುರು ಎಲ್ಲಿಂದ?

ಕುಣಿತ ಯಾವುದೇ ಇರಲಿ, ಡಮಾಮಿ, ಲೇಜಿಂ, ಡೊಳ್ಳು, ಬೆಲ್ಲಿ ಡ್ಯಾನ್ಸ್, ಮೊದಲು ಏಳು ಜನ ಒಂದು ಸಂಜೆ ಕೂತು ಮೂರು ಕೆಲಸ ಹಂಚಿಕೊಳ್ಳಬೇಕು. ಕಲಿಸೋರು ಒಬ್ಬರು, ಲೆಕ್ಕ ಬರೆಯೋರು ಇನ್ನೊಬ್ಬರು, ಸಾಮಾನು ಮತ್ತು ಬೀಗದ ಕೈ ನೋಡಿಕೊಳ್ಳೋರು ಮತ್ತೊಬ್ಬರು. ಮೂರೂ ಒಬ್ಬರ ಕೈಯಲ್ಲಿ ಬೇಡ. ಎರಡು ವರ್ಷಕ್ಕೊಮ್ಮೆ ಜವಾಬ್ದಾರಿ ಬದಲಾಗಲಿ. ಆಗ ಒಬ್ಬಳು ಗಂಡನ ಮನೆಗೆ ಹೋದ್ರೂ ಡೋಲು ಅಟ್ಟ ಸೇರೋದಿಲ್ಲ, ಪುಸ್ತಕ ಇನ್ನೊಬ್ಬಳ ಕೈಗೆ ಹೋಗ್ತದೆ.