ದಡ್ಡನೆಂಬ ಹೆಸರು, ದೋಷ ಕಣ್ಣಿನದು

ಕರಿಹಲಗೆಯ ಮೇಲಿನ ಲೆಕ್ಕವನ್ನು ತಪ್ಪಾಗಿ ಬರೆದುಕೊಂಡ ಹುಡುಗನನ್ನು ಉಪಾಧ್ಯಾಯರು ಗಮನವಿಲ್ಲದವನೆನ್ನುತ್ತಾರೆ. ಪುಸ್ತಕವನ್ನು ಮೂಗಿಗೆ ತಾಗುವಂತೆ ಹಿಡಿದರೆ ತಾಯಿ ದುರಭ್ಯಾಸವೆಂದು ಗದರುತ್ತಾಳೆ. ಆದರೆ ತನಗೆ ಕಣ್ಣು ಸರಿಯಾಗಿ ಕಾಣಿಸದೆಂದು ಹುಡುಗ ಎಂದೂ ದೂರುವುದಿಲ್ಲ. ದೂರುವುದಾದರೂ ಹೇಗೆ? ಮೊದಲಿನಿಂದಲೂ ಲೋಕವನ್ನು ಮಬ್ಬಾಗಿಯೇ ಕಂಡವನಿಗೆ ಲೋಕವಿರುವುದೇ ಹಾಗೆಂದು ತೋರುವುದು ಸಹಜ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ನಾಲ್ಕು ಬಗೆಯ ಬದುಕು ಕಾಣುತ್ತದೆ: ಚನ್ನಗಿರಿಯ ಅಡಕೆ ತೋಟಗಳು, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ, ಮಳೆಯನ್ನೇ ನಂಬಿದ ಜಗಳೂರಿನ ಬೆದ್ದಲು ಸೀಮೆ. ಕನ್ನಡಕವೆಂಬುದು ಪೇಟೆಯ ಮಕ್ಕಳ ಪಾಡು ಎಂಬ ನಂಬಿಕೆ ಇಂಥ ಊರುಗಳಲ್ಲಿ ಇನ್ನೂ ಅಳಿದಿಲ್ಲ. ಅದು ಅರ್ಧ ಸತ್ಯ ಮಾತ್ರ. ಸಮೀಪದೃಷ್ಟಿ ಪೇಟೆಗಳಲ್ಲಿ ಹೆಚ್ಚೆಂಬುದು ನಿಜ. ಉಳಿದ ದೋಷಗಳಿಗೆ ಹಳ್ಳಿ, ಪೇಟೆ ಎಂಬ ಭೇದವಿಲ್ಲ.

ಕಣ್ಣುಗುಡ್ಡೆ ಕೊಂಚ ಉದ್ದವಾದರೆ ಬಿಂಬವು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಮೂಡುತ್ತದೆ; ದೂರದ ವಸ್ತು ಮಸುಕಾಗುತ್ತದೆ. ಗಿಡ್ಡವಾದರೆ ಹತ್ತಿರದ ಅಕ್ಷರವನ್ನು ಓದಲು ಕಣ್ಣು ಶ್ರಮಪಡಬೇಕು; ತಲೆನೋವು ಬರಬಹುದು. ಇವೆರಡಕ್ಕೂ ಕನ್ನಡಕವೇ ಪರಿಹಾರ. ಇವುಗಳಿಗಿಂತ ಹೆಚ್ಚು ಮೋಸಗೊಳಿಸುವ ಸ್ಥಿತಿ ಮತ್ತೊಂದಿದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದವಾಗಿದ್ದರೆ, ಮಿದುಳು ಮಸುಕು ಬಿಂಬವನ್ನು ತಳ್ಳಿಹಾಕಿ ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಮಗು ಓಡುತ್ತದೆ, ಆಡುತ್ತದೆ, ಓದುತ್ತದೆ. ಯಾರಿಗೂ ಸಂದೇಹ ಬಾರದು. ಇತ್ತ ಮಂದವಾದ ಕಣ್ಣು ನೋಡುವುದನ್ನು ಕಲಿಯದೆಯೇ ಉಳಿಯುತ್ತದೆ. ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿಟ್ಟು ಅದಕ್ಕೆ ಕೆಲಸ ಕಲಿಸಬಹುದು. ಆದರೆ ಸುಮಾರು 7 ವರ್ಷದೊಳಗೆ ಮಾಡಿದ ಚಿಕಿತ್ಸೆಗೆ ಫಲ ಹೆಚ್ಚು. ತಡವಾದಷ್ಟೂ ಆಸೆ ಕಡಿಮೆ.

ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವ ಹಿರಿಯರು ಈ ಅಮೂಲ್ಯ ಕಾಲವನ್ನೇ ಕಳೆಯುತ್ತಾರೆ. ಪಾಪೆ ಬೆಳ್ಳಗೆ ಹೊಳೆದರಂತೂ ಒಂದು ದಿನವೂ ಕಾಯಬಾರದು. ಅದು ಪೊರೆಯಾಗಿರಬಹುದು, ಪ್ರಾಣಕ್ಕೇ ಅಪಾಯ ತರುವ ಗೆಡ್ಡೆಯೂ ಆಗಿರಬಹುದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಗೋಡೆಯ ಕ್ಯಾಲೆಂಡರಿನಿಂದ ಮಗುವನ್ನು ದೂರ ನಿಲ್ಲಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಅಂಕಿಗಳನ್ನು ಓದಿಸಿರಿ; ಬಳಿಕ ಇನ್ನೊಂದನ್ನು ಮುಚ್ಚಿರಿ. ಎರಡರಲ್ಲಿ ವ್ಯತ್ಯಾಸ ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಓದು ಬಾರದ ಕೂಸು ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದೊಡನೆ ಅತ್ತು ಕೈ ತಳ್ಳಿದರೆ ಅದೂ ಒಂದು ಸೂಚನೆಯೇ. ಕಣ್ಣು ಕಿರಿದುಮಾಡಿ ನೋಡುವುದು, ತಲೆ ಓರೆಮಾಡುವುದು, ಪದೇ ಪದೇ ಕಣ್ಣುಜ್ಜುವುದು ಇವೂ ಗಮನಿಸತಕ್ಕವು. ಆದರೆ ಮನೆಯ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ದೋಷವಿಲ್ಲವೆಂದು ನಿಶ್ಚಯಿಸಲಾಗದು. ಮಕ್ಕಳ ಕಣ್ಣನ್ನು ಹನಿಮದ್ದು ಹಾಕಿ ಅಳೆಯುವುದೇ ಸರಿಯಾದ ಕ್ರಮ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆ 2 ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 1 ಬಾರಿ ಭೇಟಿ ಕೊಡಬೇಕು. ಅದು ತಪಾಸಣೆ ಮಾಡುವ ನ್ಯೂನತೆಗಳಲ್ಲಿ ದೃಷ್ಟಿದೋಷವೂ ಸೇರಿದೆ. ಹೆಚ್ಚಿನ ಚಿಕಿತ್ಸೆಗೆ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ದುಬಾರಿ ಶುಲ್ಕ ತೆತ್ತು ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುವ ಪೋಷಕರು ಒಂದು ಮಾತು ನೆನಪಿಡಬೇಕು: ಆ ಶಾಲೆಗಳು ಈ ಏರ್ಪಾಡಿನೊಳಗೆ ಬಾರವು. ಹೀಗಾಗಿ ಜಗಳೂರಿನ ಹಳ್ಳಿಯ ಮಗುವಿಗೆ ದೊರೆಯುವ ತಪಾಸಣೆ ನಗರದ ಮಗುವಿಗೆ ತಪ್ಪಿಹೋಗುವುದು ಅಸಂಭವವೇನಲ್ಲ.

ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬುದು ಆಧಾರವಿಲ್ಲದ ಮಾತು. ಬೆಳೆಯುವ ಕಣ್ಣಿನಲ್ಲಿ ಅದು ತಾನಾಗಿಯೇ ಏರಬಹುದು. ಸಮೀಪದೃಷ್ಟಿಯನ್ನು ದೂರವಿಡಲು ಬಯಲಿನ ಬೆಳಕು ನೆರವಾಗುತ್ತದೆ. ಚೀನದ ಗುವಾಂಗ್‌ಝೌ ನಗರದಲ್ಲಿ ಶಾಲಾಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಆಡಿಸಿ 3 ವರ್ಷ ನೋಡಿದಾಗ, ಸಮೀಪದೃಷ್ಟಿಗೆ ತುತ್ತಾದವರು ಶೇಕಡ 30ರಷ್ಟು. ಹಾಗೆ ಆಡಿಸದವರಲ್ಲಿ ಶೇಕಡ 40ರಷ್ಟು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಹೆಣ್ಣುಮಗುವಿಗೆ ಕನ್ನಡಕ ಬಂದರೆ ಮುಂದೆ ಮದುವೆಯ ಗತಿಯೇನೆಂದು ಅಳುಕುವ ಮನೆಗಳು ಇನ್ನೂ ಇವೆ. ಅಂಥ ಅಳುಕಿಗೆ ಬೆಲೆ ತೆರುವವಳು ಕಾಣದ ಕಣ್ಣಿನಲ್ಲಿಯೇ ಓದಬೇಕಾದ ಆ ಮಗು. ಅವಳನ್ನು ದಡ್ಡಿಯೆಂದು ಹಳಿಯುವ ಮುನ್ನ ಕಣ್ಣಿನ ವೈದ್ಯರಿಗೆ ಒಮ್ಮೆ ತೋರಿಸುವುದು ಹಿರಿಯರ ಕರ್ತವ್ಯ.