ಜಾಹೀರಾತಿನ ಮೂಲೆಯ ಕಪ್ಪು ಚೌಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಜನ ಮನೆಯನ್ನು ಕಟ್ಟುತ್ತಿದ್ದರು. ಈಗ ನಗರವಾಸಿಗಳಲ್ಲಿ ಅನೇಕರು ಮನೆಯನ್ನು ಕೊಳ್ಳುತ್ತಾರೆ. ಅದೂ ಎಷ್ಟೋ ವೇಳೆ, ಇನ್ನೂ ಅಡಿಪಾಯವನ್ನೇ ಕಾಣದ ಮನೆಯನ್ನು. ಮುಂಗಡ ಕೊಡುವಾಗ ಕಣ್ಣೆದುರು ಇರುವುದು ಬಣ್ಣದ ಚಿತ್ರ, ನೀಲಿ ಈಜುಕೊಳ, ‘ವಿಮಾನ ನಿಲ್ದಾಣಕ್ಕೆ ಅತಿ ಸಮೀಪ’ ಎಂಬ ಸಾಲು. ಈಚಿನ ವರ್ಷಗಳಲ್ಲಿ ಆ ಚಿತ್ರದ ಮೂಲೆಗೆ ಕಪ್ಪು ಬಿಳುಪಿನ ಪುಟ್ಟ ಚೌಕವೊಂದು ಬಂದು ಕುಳಿತಿದೆ. ಅದೇ ಕ್ಯೂಆರ್ ಕೋಡ್.

ಈ ಚೌಕಕ್ಕೂ ಮನೆಗೂ ಮೂಲತಃ ಸಂಬಂಧವಿಲ್ಲ. ಅದರ ಹಿರಿಯಣ್ಣನಾದ ಗೆರೆಗೆರೆಯ ಬಾರ್‌ಕೋಡ್ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಮೊದಲು ಕೆಲಸಕ್ಕೆ ನಿಂತದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಪಟ್ಟಣದಲ್ಲಿ. ಆಗ ಮಾರಾಟವಾದದ್ದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ. ಆದರೆ ಗೆರೆಗಳಲ್ಲಿ ಹಿಡಿಸುವ ಮಾಹಿತಿ ತೀರ ಕಡಿಮೆ. ಮೋಟಾರು ಬಿಡಿಭಾಗಗಳ ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡ್ ಅಂಟಿಸಿ ಬೇಸತ್ತಿದ್ದ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು 1994ರಲ್ಲಿ ಚೌಕವನ್ನು ರೂಪಿಸಿದರು. ಕಪ್ಪು ಬಿಳಿ ಕಾಯಿಗಳ ‘ಗೋ’ ಆಟದ ಹಲಗೆ ಹಾರಾ ಅವರಿಗೆ ಪ್ರೇರಣೆಯಾಯಿತು.

ಚೌಕದ ಮೂರು ಮೂಲೆಗಳಲ್ಲಿ ಕಾಣುವ ದಪ್ಪ ಗುರುತುಗಳು ಅಲಂಕಾರಕ್ಕಲ್ಲ. ಕೋಡ್ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದನ್ನು ಕ್ಯಾಮೆರಾಕ್ಕೆ ತಿಳಿಸುವವು ಅವೇ. ಉಳಿದ ಚುಕ್ಕಿಗಳು ಅಕ್ಷರ, ಅಂಕಿಗಳಾಗಿ ಬಿಡಿಸಿಕೊಳ್ಳುತ್ತವೆ. 7,089 ಅಂಕಿಗಳವರೆಗೆ ಒಂದು ಚೌಕದಲ್ಲಿ ಅಡಗಿಸಬಹುದು. ಅತಿ ಹೆಚ್ಚಿನ ತಿದ್ದುಪಡಿ ಮಟ್ಟದಲ್ಲಿ ಮುದ್ರಿಸಿದ್ದರೆ, ಸುಮಾರು ಶೇ 30ರಷ್ಟು ಭಾಗ ಕೊಳೆಯಾದರೂ ಓದಬಹುದು. ಮಳೆ, ಬಿಸಿಲಿಗೆ ಒಡ್ಡಿಕೊಂಡ ಬಡಾವಣೆಯ ಫಲಕಕ್ಕೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಮಾರುವವರಿಗೆ ಇದರಿಂದ ಎರಡು ಲಾಭ. ಕೊಳ್ಳುವವನು ಫೋನು ಹಿಡಿದೊಡನೆ ನಕಾಶೆ, ಚಿತ್ರ, ದರಪಟ್ಟಿ ತೆರೆದುಕೊಳ್ಳುತ್ತವೆ. ಒಂದೊಂದು ಫಲಕಕ್ಕೂ ಬೇರೆ ಬೇರೆ ಕೋಡ್ ಹಾಕಿದರೆ, ಯಾವ ರಸ್ತೆಯ ಫಲಕ ಎಷ್ಟು ಜನರನ್ನು ಸೆಳೆಯಿತೆಂಬ ಲೆಕ್ಕವೂ ಸಿಗುತ್ತದೆ. ಬೆಲೆ ನೋಡುವ ಮೊದಲೇ ಮೊಬೈಲ್ ಸಂಖ್ಯೆ ಕೇಳುವ ಆ್ಯಪ್‌ಗಳಿಗೆ ಉತ್ತರ ಕೊಟ್ಟವನ ಫೋನು ಆಮೇಲೆ ಸುಮ್ಮನಿರುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಜಾಹೀರಾತಿನ ಹೊಸ ಹೊಳಪು ಮಾತ್ರ. ಕೊಳ್ಳುವವನ ಪರವಾಗಿ ಚೌಕವನ್ನು ತಿರುಗಿಸಿದ್ದು ಕಾನೂನು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ನೋಂದಣಿಯಾಗದ ಯೋಜನೆಯ ಜಾಹೀರಾತನ್ನೇ ನಿಷೇಧಿಸುತ್ತದೆ. 500 ಚದರ ಮೀಟರ್ ಮೀರದ ಜಾಗಕ್ಕೆ ಅಥವಾ 8 ಮನೆ ಮೀರದ ಕಟ್ಟಡಕ್ಕೆ ವಿನಾಯಿತಿ ಇದೆ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣಬೇಕು. ಸುಳ್ಳು ಜಾಹೀರಾತು ನಂಬಿ ಹಣ ಕೊಟ್ಟು ನಷ್ಟ ಹೊಂದಿದವನು ಪರಿಹಾರ ಕೇಳಬಹುದು. ಯೋಜನೆಯಿಂದ ಹಿಂದೆ ಸರಿದರೆ ಕೊಟ್ಟ ಹಣ ಬಡ್ಡಿಸಹಿತ ಹಿಂದಕ್ಕೆ ಬರಬೇಕು.

ಆದರೆ ಉದ್ದನೆಯ ನೋಂದಣಿ ಸಂಖ್ಯೆಯನ್ನು ಬರೆದುಕೊಂಡು ಹುಡುಕುವ ತಾಳ್ಮೆ ಎಷ್ಟು ಜನಕ್ಕಿದೆ? ಮಹಾರಾಷ್ಟ್ರದ ಪ್ರಾಧಿಕಾರ 2023ರ ಆಗಸ್ಟ್ 1ರಿಂದ ಯೋಜನೆಗಳ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯ ಮಾಡಿತು. ಅದನ್ನು ಓದಿಸಿದರೆ ತೆರೆಯುವುದು ಮಾರುವವನ ಬಣ್ಣದ ಪುಟವಲ್ಲ, ಪ್ರಾಧಿಕಾರದ ಕಡತ. ಯಾವ ಮಂಜೂರಾತಿ ಬಂದಿದೆ, ಕೆಲಸ ಮುಗಿಯುವ ದಿನ ಯಾವುದು ಎಂಬುದನ್ನು ಅಲ್ಲಿ ನೋಡಬಹುದು.

ಇಲ್ಲಿಯೇ ಗಮನಿಸಬೇಕಾದ ಸೂಕ್ಷ್ಮವಿದೆ. ಕ್ಯೂಆರ್ ಕೋಡ್ ಮುದ್ರೆಯಲ್ಲ, ವಿಳಾಸ ಮಾತ್ರ. ಅದು ತಾನಾಗಿ ಯಾವುದಕ್ಕೂ ಜಾಮೀನು ನಿಲ್ಲದು. ಯಾರು ಬೇಕಾದರೂ ಚೌಕ ಮುದ್ರಿಸಬಹುದು, ಒಂದರ ಮೇಲೆ ಇನ್ನೊಂದನ್ನು ಅಂಟಿಸಲೂಬಹುದು. ಆದ್ದರಿಂದ ತೆರೆದ ಪುಟ ಪ್ರಾಧಿಕಾರದ್ದೋ ಮಾರಾಟಗಾರನದ್ದೋ ಎಂದು ಮೊದಲು ನೋಡಬೇಕು. ಅನುಮಾನವಿದ್ದರೆ ಪ್ರಾಧಿಕಾರದ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ನೋಂದಣಿ ಸಂಖ್ಯೆ ಹುಡುಕುವುದು ಲೇಸು.

ಅಲ್ಲಿಗೂ ಕೆಲಸ ಮುಗಿಯದು. ಕರ್ನಾಟಕದಲ್ಲಿ ನಿವೇಶನ ಕೊಳ್ಳುವವರು ರೇರಾ ನೋಂದಣಿಯ ಜೊತೆಗೆ ಮೂಲಪತ್ರ, ಭೂಪರಿವರ್ತನೆಯ ಆದೇಶ, ಬಡಾವಣೆಯ ಮಂಜೂರಾತಿ, ಖಾತೆ ಇವನ್ನೆಲ್ಲ ಪರಿಶೀಲಿಸಬೇಕು. ‘ಕಾವೇರಿ’ ಜಾಲತಾಣದ ಮೂಲಕ ಪಡೆಯುವ ಋಣಭಾರ ಪತ್ರ ಕೂಡ ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಬಾಯಿಮಾತಿನ ಕರಾರು, ದಾಯಾದಿಗಳ ತಕರಾರು ಅದರಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಅನುಭವಿ ವಕೀಲರ ಕಣ್ಣು ಬೇಕು, ಸ್ಥಳಕ್ಕೆ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸುವ ಕಾಲು ಬೇಕು.

ಜೀವಮಾನದ ಉಳಿತಾಯ ಮತ್ತು ಇಪ್ಪತ್ತು ವರ್ಷಗಳ ಸಾಲ ಒಂದು ಸಹಿಯ ಮೇಲೆ ನಿಂತಿರುತ್ತವೆ. ಆ ಸಹಿಗೆ ಮುನ್ನ ತಟ್ಟಬೇಕಾದ ಬಾಗಿಲು ಎಲ್ಲಿದೆ ಎಂಬುದನ್ನು ಪುಟ್ಟ ಚೌಕ ತೋರಿಸಬಲ್ಲದು. ಒಳಗೆ ಹೋಗಿ ಕೇಳುವ ಕೆಲಸ ಕೊಳ್ಳುವವನದೇ.