ರಾಮಾನುಜನ್ ಅವರ ಪಟ್ಟಿಯ ಕೊನೆಯ ಸಂಖ್ಯೆ

12ನ್ನು 1, 2, 3, 4, 6, 12 ಎಂಬ ಆರು ಸಂಖ್ಯೆಗಳು ಶೇಷವಿಲ್ಲದೆ ಭಾಗಿಸುತ್ತವೆ. ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ. ಇಂತಹವು ‘ಅತಿ ಸಂಯುಕ್ತ ಸಂಖ್ಯೆ’ಗಳು. 1912ರಲ್ಲಿ ಮದರಾಸು (ಇಂದಿನ ಚೆನ್ನೈ) ಬಂದರು ಟ್ರಸ್ಟಿನಲ್ಲಿ ಗುಮಾಸ್ತರಾಗಿ ಸೇರಿದ ಶ್ರೀನಿವಾಸ ರಾಮಾನುಜನ್, 1914ರಲ್ಲಿ ಇಂಗ್ಲೆಂಡಿಗೆ ತೆರಳಿ, 1915ರಲ್ಲಿ ಇವುಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು.

ಅದರಲ್ಲಿನ ಪಟ್ಟಿಯು 67,46,32,83,88,800ರಲ್ಲಿ ಮುಗಿಯುತ್ತದೆ. ಇದರ ಭಾಜಕಗಳು 10,080. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಸಿದ್ಧವಾದ ಈ ದೀರ್ಘ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದೆ: 2,93,31,86,25,600. ಇದರ ಭಾಜಕಗಳು 5,040. ಇದನ್ನು 23ರಿಂದ ಗುಣಿಸಿದರೆ ಪಟ್ಟಿಯ ಕೊನೆಯ ಸಂಖ್ಯೆಯೇ ದೊರೆಯುತ್ತದೆ. ಹೊಸದೊಂದು ಅವಿಭಾಜ್ಯ ಸಂಖ್ಯೆ ಸೇರಿದುದರಿಂದ ಭಾಜಕಗಳು ಇಮ್ಮಡಿಯಾಗುತ್ತವೆ.

ಈ ಲೋಪದಿಂದ ಆ ಮೇಧಾವಿಯ ಸಾಧನೆ ಕುಂದದು. ಎಂತಹವರ ಲೆಕ್ಕವನ್ನಾದರೂ ಮರಳಿ ಪರೀಕ್ಷಿಸುವುದೇ ಗಣಿತದ ಶಿಸ್ತು.